ಕಾರ್ಪಲ್ ಟನಲ್ ತೊಂದರೆಗೆ ಸ್ಟ್ರೆಚಿಂಗ್ ಸಾಕೇ?

ಡೊಂಬಿವಲಿಯಲ್ಲಿ ಹೊಲಿಗೆ ಕೆಲಸ ಮಾಡುವ ನಿಮಗೆ ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತಿದೆ, ವೈದ್ಯರು ಕಾರ್ಪಲ್ ಟನಲ್ ಸಿಂಡ್ರೋಮ್ ಎಂದಿದ್ದಾರೆ, ಮಣಿಕಟ್ಟನ್ನು ಚೆನ್ನಾಗಿ ಎಳೆದು ಸ್ಟ್ರೆಚ್ ಮಾಡಿದರೆ ಗುಣವಾಗುವುದೇ ಎಂದು ಕೇಳಿದ್ದೀರಿ. ಮುಂಬೈಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು ಹೋಟೆಲು ಅಡುಗೆಯವರಲ್ಲೂ ಟೈಲರ್‌ಗಳಲ್ಲೂ ಈ ತೊಂದರೆಯನ್ನು ನೋಡುತ್ತಿರುತ್ತೇನೆ. ವ್ಯಾಯಾಮದಿಂದ ಸಹಾಯವಾಗುತ್ತದೆ, ಆದರೆ ಬಲವಾಗಿ ಎಳೆಯುವುದರಿಂದ ಅಲ್ಲ.

ಮಣಿಕಟ್ಟಿನ ಮೂಳೆಗಳಿಗೂ ಅವುಗಳ ಮೇಲೆ ಅಡ್ಡಲಾಗಿ ಹಾದಿರುವ ಗಟ್ಟಿ ಪಟ್ಟಿಗೂ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಬೆರಳುಗಳನ್ನು ಮಡಚುವ 9 ಸ್ನಾಯುರಜ್ಜುಗಳೂ ಮೀಡಿಯನ್ ನರವೂ ಒಟ್ಟಿಗೆ ಸಾಗುತ್ತವೆ. ಈ ದಾರಿಯೇ ಕಾರ್ಪಲ್ ಟನಲ್; ಅಲ್ಲಿ ನರ ಒತ್ತಿಕೊಂಡಾಗ ಜೋಮು ಹಿಡಿಯುತ್ತದೆ. ಮಣಿಕಟ್ಟು ಒಳಕ್ಕೆ ಅಥವಾ ಹಿಂದಕ್ಕೆ ಹೆಚ್ಚು ಬಾಗಿದಾಗ ಅಲ್ಲಿ ಒತ್ತಡ ಏರುತ್ತದೆ. ಆದ್ದರಿಂದ, ಈಗಾಗಲೇ ನೊಂದಿರುವ ನರವನ್ನು ಅದೇ ಭಂಗಿಯಲ್ಲಿ ಬಹಳ ಹೊತ್ತು ಹಿಡಿದೆಳೆದರೆ ಜೋಮು ಕೆರಳಬಹುದು.

ನಾನು ಹೇಳಿಕೊಡುವುದು ರಜ್ಜುಗಳನ್ನು ಮೃದುವಾಗಿ ಜಾರಿಸುವ ಟೆಂಡನ್ ಗ್ಲೈಡಿಂಗ್. ಮಣಿಕಟ್ಟು ನೆಟ್ಟಗಿರಲಿ, ಬೆರಳುಗಳು ಮೇಲ್ಮುಖವಾಗಿರಲಿ. ಮೊದಲು ಬುಡದ ಗೆಣ್ಣುಗಳನ್ನು ಬಾಗಿಸದೆ ಮೇಲಿನ ಎರಡು ಗೆಣ್ಣುಗಳನ್ನಷ್ಟೇ ಮಡಚಿ ಕೊಕ್ಕೆಯ ಆಕಾರ ಮಾಡಿ, ಬೆರಳು ಬಿಡಿಸಿ, ಪೂರ್ತಿ ಮುಷ್ಟಿ ಕಟ್ಟಿ, ಮತ್ತೆ ಬಿಡಿಸಿ, ಕೊನೆಗೆ ಬುಡದಲ್ಲಿ ಮಾತ್ರ ಬಾಗಿಸಿ ಬೆರಳುಗಳನ್ನು ನೇರವಾಗಿ ಚಾಚಿ. ಪ್ರತಿ ಭಂಗಿಯಲ್ಲಿ ಕೆಲವೇ ಸೆಕೆಂಡು ಸಾಕು; 5ರಿಂದ 10 ಸಲ, ದಿನಕ್ಕೆ ಎರಡು ಮೂರು ಬಾರಿ ಮಾಡಬಹುದು. ಜುಮುಗುಟ್ಟುವುದು ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ. ನರವನ್ನೇ ಜಾರಿಸುವ ವ್ಯಾಯಾಮವೂ ಇದೆ, ಆದರೆ ಅದನ್ನು ಓದಿಕೊಂಡು ಮಾಡದೆ ಒಮ್ಮೆ ಎದುರಿಗೆ ಕುಳಿತು ಕಲಿಯುವುದೇ ಕ್ಷೇಮ.

ನಿಮ್ಮ ಮುಖ್ಯ ತೊಂದರೆ ರಾತ್ರಿಯದ್ದಾದ್ದರಿಂದ, ವ್ಯಾಯಾಮಕ್ಕಿಂತ ಮೊದಲು ಮಲಗುವಾಗ ಮಣಿಕಟ್ಟು ಬಾಗದಂತೆ ಕಟ್ಟಿಕೊಳ್ಳುವ ಆಧಾರಪಟ್ಟಿ, ಅಂದರೆ ಸ್ಪ್ಲಿಂಟ್ ಬಗ್ಗೆ ಯೋಚಿಸಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಪ್ಲಿಂಟ್‌ಗಳ ಲೋಹದ ಪಟ್ಟಿ ಅಂಗೈಯನ್ನು ಹಿಂದಕ್ಕೆ ಬಾಗಿಸುವಂತಿರುತ್ತದೆ. ಅದನ್ನು ಹೊರತೆಗೆದು, ಮಣಿಕಟ್ಟು ನೇರವಾಗಿ ಕೂರುವಂತೆ ಸರಿಪಡಿಸಿಕೊಳ್ಳಬೇಕು. ಕನಿಷ್ಠ ಆರು ವಾರ ಪ್ರತಿ ರಾತ್ರಿ ತಪ್ಪದೆ ಕಟ್ಟಿ. ಹಗಲಲ್ಲಿ ದಪ್ಪ ಬಟ್ಟೆ ಕತ್ತರಿಸುವಾಗ ಮಣಿಕಟ್ಟು ಬಾಗದಂತೆ ಮೇಜಿನ ಎತ್ತರವನ್ನು ಹೊಂದಿಸಿಕೊಳ್ಳಿ, ನಡುನಡುವೆ ಕತ್ತರಿ ಕೆಳಗಿಡಿ.

ಥೈರಾಯ್ಡ್ ಕೊರತೆ, ಮಧುಮೇಹ, ಗರ್ಭಾವಸ್ಥೆಗಳಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ, ಹಾಗಾಗಿ ರಕ್ತಪರೀಕ್ಷೆಯ ವಿಷಯವನ್ನು ವೈದ್ಯರಲ್ಲಿ ಕೇಳಿ. ಕಿರುಬೆರಳಿಗೂ ಜೋಮು ಹಿಡಿಯುತ್ತಿದ್ದರೆ ತಪ್ಪದೆ ತಿಳಿಸಿ; ಅದು ಮೀಡಿಯನ್ ನರದ ಪಾಲಿನದಲ್ಲ, ಮೊಣಕೈಯನ್ನೋ ಕುತ್ತಿಗೆಯನ್ನೋ ನೋಡಬೇಕಾಗುತ್ತದೆ.

ಜೋಮು ಹಗಲೂ ಬಿಡದಿದ್ದರೆ, ಸೂಜಿ ಕೈಯಿಂದ ಜಾರುತ್ತಿದ್ದರೆ, ಹೆಬ್ಬೆರಳಿನ ಬುಡದ ಮಾಂಸಖಂಡ ಇನ್ನೊಂದು ಕೈಯದಕ್ಕಿಂತ ಬತ್ತಿದಂತೆ ಕಂಡರೆ, ವ್ಯಾಯಾಮ ನಂಬಿ ದಿನ ದೂಡಬೇಡಿ. ಆಗ ನರದ ಪರೀಕ್ಷೆಯೂ ಬೇಗನೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಖರ್ಚಿನ ಚಿಂತೆಯಿದ್ದರೆ ಸಾಯನ್ ಆಸ್ಪತ್ರೆ, ಪರೇಲ್‌ನ ಕೆಇಎಂ ಎರಡೂ ಸಾರ್ವಜನಿಕ ಆಸ್ಪತ್ರೆಗಳೇ, ನಿಮ್ಮ ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲೇ ಇವೆ.