ಗಲ್ಲಾದಲ್ಲಿ ಕಡಿಮೆ ಬಿದ್ದರೆ ಸಂಬಳದಲ್ಲಿ ಎಷ್ಟು ಹಿಡಿಯಬಹುದು?

ದಾವಣಗೆರೆಯಲ್ಲಿ ಹೋಟೆಲ್ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮಲ್ಲಿ 22 ಮಂದಿ ಕೆಲಸಕ್ಕಿದ್ದಾರೆ. ಗಲ್ಲಾದಲ್ಲಿ ಕಡಿಮೆ ಬಿದ್ದ ಹಣವನ್ನು ಕ್ಯಾಷಿಯರ್ ಸಂಬಳದಲ್ಲಿ ಹಿಡಿಯುತ್ತೇವೆ. ಒಡೆದ ಕಪ್ಪು-ತಟ್ಟೆಗಳ ಖರ್ಚನ್ನು ಸಪ್ಲೈಯರ್, ಕ್ಲೀನರ್‌ಗಳಿಗೆ ಸಮನಾಗಿ ಹಂಚುತ್ತೇವೆ. ಮೂರು ದಿನ ತಡವಾಗಿ ಬಂದರೆ ಅರ್ಧ ದಿನದ ಸಂಬಳ ಇಲ್ಲ. ಹೇಳದೆ ಬಿಟ್ಟುಹೋದರೆ ಕೊನೆಯ ತಿಂಗಳದ್ದು ಕೊಡುವುದಿಲ್ಲ. ಪಿಎಫ್‌ನ ಎರಡೂ ಪಾಲು ಸಂಬಳದಿಂದಲೇ. ಎಲ್ಲದಕ್ಕೂ ಸೇರುವಾಗಲೇ ಸಹಿ ಮಾಡಿಸಿಕೊಂಡಿದ್ದೇವೆ. ಈಗೊಬ್ಬ ಹುಡುಗ ಲೇಬರ್ ಆಫೀಸಿಗೆ ಹೋಗುತ್ತೇನೆ ಅನ್ನುತ್ತಿದ್ದಾನೆ. ನಮ್ಮದು ತಪ್ಪೇ?’

ಸಂಪಾದಕರ ಉತ್ತರ:

ಮಾನ್ಯರೇ, ಬಹುಪಾಲು ತಪ್ಪೇ. ನೀವು ಬಲವಾಗಿ ನಂಬಿಕೊಂಡಿರುವ ಆ ಸಹಿಯೇ ಎಲ್ಲಕ್ಕಿಂತ ದುರ್ಬಲ. ಯಾವ್ಯಾವ ಬಾಬತ್ತಿಗೆ ಸಂಬಳದಲ್ಲಿ ಹಿಡಿಯಬಹುದು ಎಂದು ಕಾನೂನೇ ಪಟ್ಟಿ ಮಾಡಿದೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕೆಲಸಗಾರ ನೂರು ಕಡೆ ಸಹಿ ಹಾಕಿದ್ದರೂ ಕಡಿತ ನಿಲ್ಲುವುದಿಲ್ಲ. 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಇದೇ ನಿಯಮ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ವೇತನ ಸಂಹಿತೆ ಬಂದಿದೆ. ಹಳೆಯ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗಷ್ಟೇ ಅನ್ವಯಿಸುತ್ತಿತ್ತು, ಈಗ ಆ ಗೆರೆ ಇಲ್ಲ. ನಿಮ್ಮ ಮ್ಯಾನೇಜರೂ ಇದರೊಳಗೇ ಬರುತ್ತಾರೆ.

ಮೊದಲು ಗಲ್ಲಾಪೆಟ್ಟಿಗೆ. ಕ್ಯಾಷಿಯರ್ ಲೆಕ್ಕ ಒಪ್ಪಿಸಬೇಕಾದ ಹಣ ಅವರ ಅಲಕ್ಷ್ಯದಿಂದಲೇ ಕಡಿಮೆ ಬಿದ್ದಿದ್ದರೆ ಹಿಡಿಯಬಹುದು. ಆದರೆ ‘ಅವರಿಂದಲೇ’ ಎಂದು ತೋರಿಸಬೇಕಾದವರು ನೀವು. ಮಧ್ಯಾಹ್ನ ಊಟದ ಗದ್ದಲದಲ್ಲಿ ನಿಮ್ಮ ಮಗನೋ ಭಾವಮೈದುನನೋ ಗಲ್ಲಾದಲ್ಲಿ ಕೂತು ಎದ್ದುಹೋಗುವ ರೂಢಿಯಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು. ಪಾಳಿ ಬದಲಾಗುವಾಗ ಇಬ್ಬರೂ ಎಣಿಸಿ ಸಹಿ ಹಾಕುವ ಪುಸ್ತಕ ಇರಲಿ. ಕೊರತೆ ಬಂದ ದಿನವೇ ಇಂಥ ತಾರೀಕು, ಇಷ್ಟು ಹಣ ಎಂದು ಬರೆದು ನೋಟಿಸ್ ಕೊಡಿ, ಅವರ ಉತ್ತರವನ್ನು ಬರಹದಲ್ಲೇ ಪಡೆಯಿರಿ, ಆಮೇಲೆ ಕಾರಣ ಕೊಟ್ಟು ಆದೇಶ ಬರೆದು ರಿಜಿಸ್ಟರಿಗೆ ಏರಿಸಿ. ಉತ್ತರ ಹೇಳಲು ಅವಕಾಶ ಕೊಡದೆ ಹಿಡಿದ ಹಣ, ಕೊರತೆ ನಿಜವಾಗಿದ್ದರೂ ಅಕ್ರಮ ಕಡಿತವೇ.

ಕಪ್ಪು-ತಟ್ಟೆಗೂ ಇದೇ ದಾರಿ. ಆ ವಸ್ತುವನ್ನು ಅವನ ವಶಕ್ಕೇ ಒಪ್ಪಿಸಿರಬೇಕು, ನಷ್ಟ ಅವನ ಅಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಮೊತ್ತ ಆದ ನಷ್ಟವನ್ನು ಮೀರಬಾರದು. ಯಾರು ಒಡೆದರೆಂದು ಗೊತ್ತಿಲ್ಲದೆ ಎಲ್ಲರ ತಲೆಗೂ ಹಂಚುವುದಕ್ಕೆ ಕಾನೂನಿನಲ್ಲಿ ಎಲ್ಲೂ ಜಾಗವಿಲ್ಲ. ಹೋಟೆಲ್ ಅಂದಮೇಲೆ ಲೋಟ ಒಡೆಯುತ್ತದೆ, ಅದನ್ನು ವ್ಯಾಪಾರದ ಖರ್ಚಿಗೆ ಬರೆದುಕೊಳ್ಳಿ.

ತಡವಾಗಿ ಬಂದವರ ವಿಷಯದಲ್ಲಿ ಎಡವುವುದು ಲೆಕ್ಕದಲ್ಲಿ. ಗೈರಾದ ಹೊತ್ತಿಗೆ ತಕ್ಕಷ್ಟೇ ಕಡಿತ, ಒಂದು ಪೈಸೆ ಹೆಚ್ಚಿಲ್ಲ. 20,000 ರೂಪಾಯಿ ಸಂಬಳವನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 769, ಎಂಟು ತಾಸಿನ ಲೆಕ್ಕದಲ್ಲಿ ತಾಸಿಗೆ 96. ಮೂರು ದಿನ ಇಪ್ಪತ್ತಿಪ್ಪತ್ತು ನಿಮಿಷ ತಡವೆಂದರೆ ಒಟ್ಟು ಒಂದು ತಾಸು, 96 ರೂಪಾಯಿ. ನೀವು ಹಿಡಿಯುತ್ತಿರುವುದು ಅರ್ಧ ದಿನದ 385. ಹೆಚ್ಚಿನ 289 ರೂಪಾಯಿಯನ್ನು ಕಾನೂನು ದಂಡವೆಂದೇ ನೋಡುತ್ತದೆ. ಅಂದಹಾಗೆ, 26ರಿಂದ ಭಾಗಿಸಿದ ಮೇಲೆ ವಾರದ ರಜೆಯನ್ನೂ ಗೈರೆಂದು ಎಣಿಸುವ ಹೋಟೆಲುಗಳಿವೆ. ಅದು ಒಂದೇ ದಿನಕ್ಕೆ ಎರಡು ಸಲ ಹಿಡಿದಂತೆ.

ದಂಡ ಹಾಕಲೇಬಾರದೆಂದಿಲ್ಲ. ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಸರ್ಕಾರದ ಅಥವಾ ಗೊತ್ತುಪಡಿಸಿದ ಅಧಿಕಾರಿಯ ಒಪ್ಪಿಗೆ ಪಡೆದು, ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ತಿಂಗಳ ಸಂಬಳದ ಶೇ 3 ಮೀರುವಂತಿಲ್ಲ, ಅಂದರೆ 20,000ಕ್ಕೆ 600 ರೂಪಾಯಿ. ಕಂತಿನಲ್ಲಿ ವಸೂಲಿ ಇಲ್ಲ, ತಪ್ಪು ನಡೆದ 90 ದಿನ ದಾಟಿದ ಮೇಲೂ ಇಲ್ಲ. ಬಂದ ದಂಡದ ಹಣ ಮಾಲೀಕರ ಜೇಬಿಗೆ ಸೇರುವಂತಿಲ್ಲ, ಒಪ್ಪಿಗೆ ಸಿಕ್ಕ ರೀತಿಯಲ್ಲಿ ಕೆಲಸಗಾರರ ಒಳಿತಿಗೇ ಖರ್ಚಾಗಬೇಕು. ಇಷ್ಟೆಲ್ಲ ಮಾಡಿ 22 ಜನರ ಹೋಟೆಲಿನಲ್ಲಿ ದಂಡ ವಸೂಲಿ ಮಾಡುವುದು ಲಾಭದ ಕೆಲಸವಲ್ಲ ಎಂಬುದು ನಮ್ಮ ಅಭಿಪ್ರಾಯ.

ಕೆಲಸ ಬಿಟ್ಟವರ ಸಂಬಳ ತಡೆಹಿಡಿಯುವುದನ್ನು ಇವತ್ತೇ ನಿಲ್ಲಿಸಿ. ರಾಜೀನಾಮೆ ಕೊಟ್ಟರೂ ನೀವೇ ತೆಗೆದುಹಾಕಿದರೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಹತ್ತು ಅಥವಾ ಹೆಚ್ಚು ಮಂದಿ ಮಾತಾಡಿಕೊಂಡು ಒಟ್ಟಿಗೆ ಹೇಳದೆ ಬಿಟ್ಟಾಗ, ಕರಾರಿನಲ್ಲಿ ಬರೆದಿದ್ದರೆ, ಎಂಟು ದಿನದ ಸಂಬಳದವರೆಗೆ ಹಿಡಿಯಲು ಅವಕಾಶವಿದೆ. ಒಬ್ಬ ಹುಡುಗ ಹೋದದ್ದಕ್ಕೆ ಈ ನಿಯಮ ಒದಗುವುದಿಲ್ಲ. ದಿನಗೂಲಿಯಂತೆ ದುಡಿದ ದಿನಗಳ ಲೆಕ್ಕ ಹಾಕಿ ಕೊಟ್ಟುಬಿಡಿ.

ಮುಂಗಡದ ಬಗ್ಗೆ ನೀವು ಕೇಳಿಲ್ಲ, ಆದರೆ ಹೋಟೆಲ್ ಧಂದೆಯಲ್ಲಿ ಮುಂಗಡ ಇಲ್ಲದೆ ಅಡುಗೆ ಭಟ್ಟರು ಬರುವುದೇ ಇಲ್ಲ. ಕೆಲಸಕ್ಕೆ ಸೇರುವ ಮೊದಲೇ ಕೊಟ್ಟ ಮುಂಗಡವನ್ನು ಮೊದಲ ಪೂರ್ತಿ ತಿಂಗಳ ಸಂಬಳದಿಂದ ಹಿಡಿಯಬಹುದು. ಊರಿಂದ ಬರಲೆಂದು ಕೊಟ್ಟ ಬಸ್ಸು, ರೈಲಿನ ಖರ್ಚನ್ನು ಮಾತ್ರ ವಾಪಸು ಹಿಡಿಯುವಂತಿಲ್ಲ. ಮುಂಗಡ ತೀರುವವರೆಗೆ ಬಿಡುವುದಿಲ್ಲ ಎಂದು ಆಧಾರ್ ಕಾರ್ಡ್ ಇಟ್ಟುಕೊಂಡು ಕೂರಿಸಿದರೆ ಅದು ಸಂಬಳದ ವಿಷಯವಾಗಿ ಉಳಿಯದೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಕಡೆಗೆ ಹೋಗುತ್ತದೆ. ಕೆಲಸಕ್ಕೆ ಬೇಕಾದ ಸಲಕರಣೆಗೂ ಸಂಬಳದಲ್ಲಿ ಹಿಡಿಯಬಾರದು. ಏಪ್ರನ್, ತಲೆಟೋಪಿಯನ್ನು ನಾವು ಅದೇ ಸಾಲಿಗೆ ಸೇರಿಸುತ್ತೇವೆ.

ಪಿಎಫ್‌ನಲ್ಲಿ ಕೆಲಸಗಾರನ ಪಾಲು ಶೇ 12. ನಿಮ್ಮ ಪಾಲನ್ನು ಅವನಿಂದ ಹಿಡಿಯುವುದು ನೇರವಾಗಿ ನಿಷಿದ್ಧ. ಇಎಸ್‌ಐಯಲ್ಲಿ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಯಲ್ಲಿ, ಅವನದು ಶೇ 0.75, ನಿಮ್ಮದು ಶೇ 3.25. ತಿಂಗಳಿಗೆ 21,000 ರೂಪಾಯಿವರೆಗಿನವರಿಗೆ ಇದು ಅನ್ವಯ. ನಡುವೆ ಸಂಬಳ ಏರಿ ಆ ಗೆರೆ ದಾಟಿದರೂ ಆ ಆರು ತಿಂಗಳ ಅವಧಿ, ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್, ಮುಗಿಯುವವರೆಗೆ ಕಟ್ಟುತ್ತಿರಬೇಕು. ಮರೆತು ಹಿಡಿಯದೆ ಬಿಟ್ಟ ಅವನ ಪಾಲನ್ನು ಮುಂದಿನ ತಿಂಗಳು ಸೇರಿಸಿ ಹಿಡಿಯುವುದು ತೀರಾ ಸಾಮಾನ್ಯ ತಪ್ಪು. ಹಾಗೆ ಬಿಟ್ಟದ್ದನ್ನು ಸಾಮಾನ್ಯವಾಗಿ ಮಾಲೀಕರೇ ಭರಿಸಬೇಕಾಗುತ್ತದೆ. ಹಿಡಿದೂ ಕಟ್ಟದಿದ್ದರೆ ಅದು ನಂಬಿಕೆ ದ್ರೋಹದ ಕ್ರಿಮಿನಲ್ ಅಪರಾಧ. ಪಿಎಫ್, ಇಎಸ್‌ಐ ಎರಡನ್ನೂ ಕಟ್ಟುವ ಗಡುವು ಮುಂದಿನ ತಿಂಗಳ 15.

ಎಲ್ಲವೂ ಸೇರಿ ಸಂಬಳದ ಅರ್ಧಕ್ಕಿಂತ ಹೆಚ್ಚು ಹಿಡಿಯಬಾರದು. ಈ ಲೆಕ್ಕಕ್ಕೆ ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಓವರ್‌ಟೈಮನ್ನೂ ಸಂಬಳಕ್ಕೆ ಸೇರಿಸಬೇಕು. ನಿಮ್ಮ ಕ್ಯಾಷಿಯರಿಗೆ ಬೇಸಿಕ್, ತುಟ್ಟಿಭತ್ಯೆ ಸೇರಿ 20,000 ಎಂದುಕೊಳ್ಳೋಣ. ಪಿಎಫ್ ಲೆಕ್ಕಕ್ಕಿರುವ 15,000 ರೂಪಾಯಿ ಸಂಬಳದ ಮಿತಿಯ ಮೇಲೆ ಶೇ 12 ಎಂದರೆ 1,800, ಇಎಸ್‌ಐ 150, ಎರಡೂ ಸೇರಿ 1,950. ಕಡಿತದ ಮಿತಿ ಸಂಬಳದ ಅರ್ಧ, 10,000, ಉಳಿದ ಜಾಗ 8,050. ಮುಂಗಡದ ಕಂತು 5,000 ಹೋದರೆ 3,050. ಗಲ್ಲಾದ ಕೊರತೆ 4,200 ಎಂದು ಆದೇಶವಾಗಿದ್ದರೂ ಈ ತಿಂಗಳು 3,050 ಮಾತ್ರ ಹಿಡಿಯಿರಿ, 1,150 ಮುಂದಿನ ತಿಂಗಳಿಗೆ ಹೋಗಲಿ.

ವೃತ್ತಿ ತೆರಿಗೆ ಕರ್ನಾಟಕದಲ್ಲಿ ತಿಂಗಳಿಗೆ 25,000 ಅಥವಾ ಹೆಚ್ಚು ಸಂಬಳದವರಿಗಷ್ಟೇ. ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಹಳೆಯ 15,000ದ ಗೆರೆ 2023ರ ಏಪ್ರಿಲ್‌ನಲ್ಲೇ ಹೋಗಿದೆ. ಸಾಫ್ಟ್‌ವೇರ್ ತಿದ್ದದೆ ಇನ್ನೂ ಹಿಡಿಯುತ್ತಿದ್ದರೆ ವಾಪಸು ಕೊಡಿ.

ಇನ್ನು ಆ ಹುಡುಗ. ಅರ್ಜಿ ಹಾಕಲು ಅವನಿಗೆ ಮೂರು ವರ್ಷ ಸಮಯವಿದೆ. ಹಿಡಿದದ್ದು ಅಕ್ರಮವೆಂದು ತೀರ್ಮಾನವಾದರೆ ಆ ಹಣದ ಜೊತೆಗೆ ಅದರ ಹತ್ತುಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಬಾಕಿ ಕೊಟ್ಟಿದ್ದೇವೆಂದು ಸಾಬೀತು ಮಾಡುವ ಹೊಣೆಯೂ ನಿಮ್ಮದೇ. ಅವನ ಹಿಂದಿನ ಬಟವಾಡೆ ಪುಸ್ತಕ ತೆಗೆದು ಕಪ್ಪಿನದು, ತಡದ್ದು, ಕೊನೆಯ ತಿಂಗಳದ್ದು, ಪಿಎಫ್‌ನ ನಿಮ್ಮ ಪಾಲಿನದು ಬೇರೆಬೇರೆಯಾಗಿ ಕೂಡಿಸಿ. ಬಂದ ಮೊತ್ತವನ್ನು ಅವನ ಬ್ಯಾಂಕ್ ಖಾತೆಗೇ ಹಾಕಿ, ಯಾವ ಬಾಬತ್ತಿಗೆ ಎಷ್ಟು ಎಂದು ಬರೆದ ಚೀಟಿಯನ್ನು ಅವನ ಕೈಗೆ ಕೊಡಿ. ಉಳಿದ 21 ಮಂದಿಯ ಪುಸ್ತಕವನ್ನೂ ಅದೇ ವಾರ ತೆಗೆಯಿರಿ.