ಉಪಗ್ರಹಕ್ಕೆ ಜಾಗ ಗೊತ್ತು, ದಾರಿ ಗೊತ್ತಿಲ್ಲ

ನಾಪೋಕ್ಲು ಕಡೆಯ ಓದುಗರೊಬ್ಬರ ಪತ್ರ: "ಮೊಬೈಲ್ ಮ್ಯಾಪ್ ನಂಬಿ ಬಂದ ಪ್ರವಾಸಿಗರ ಕಾರು ಈ ಮಳೆಗಾಲದಲ್ಲಿ ಮೂರನೇ ಸಲ ನಮ್ಮ ತೋಟದ ದಾರಿಯಲ್ಲಿ ಹೂತುಕೊಂಡಿತು. ಟ್ರ್ಯಾಕ್ಟರ್ ಕಟ್ಟಿ ಎಳೆಸಿದೆವು. ಮೇಲಿಂದ ನೋಡುವ ಉಪಗ್ರಹಕ್ಕೆ ಇದು ರಸ್ತೆಯಲ್ಲ ಎಂದು ಕಾಣುವುದಿಲ್ಲವೇ? ನೆಟ್‌ವರ್ಕೇ ಇಲ್ಲದ ಕಡೆ ಆ ನೀಲಿ ಚುಕ್ಕಿ ಓಡುವುದಾದರೂ ಹೇಗೆ?"

ಆತ್ಮೀಯರೇ,

ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಜಿಪಿಎಸ್ ಉಪಗ್ರಹಗಳು ನಮ್ಮನ್ನು ನೋಡುವುದೇ ಇಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ, ತಾವು ಎಲ್ಲಿದ್ದೇವೆ, ಈಗ ಸಮಯ ಎಷ್ಟು ಎಂದು ಸಾರುತ್ತಿರುತ್ತವೆ, ಅಷ್ಟೇ. ಕೇಳಿಸಿಕೊಳ್ಳುವುದು ಫೋನಿನ ಕೆಲಸ. ಮಡಿಕೇರಿ ಆಕಾಶವಾಣಿ ಕೇಳಲು ನಿಮ್ಮ ರೇಡಿಯೊ ಏನನ್ನೂ ಕಳಿಸಬೇಕಿಲ್ಲವಲ್ಲ, ಹಾಗೆ. ಸಂಕೇತ ಬರಲು ಹಿಡಿದ ಹೊತ್ತಿನಿಂದ ದೂರ ಸಿಗುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು, ಅಂದರೆ ಒಂದು ಮೈಕ್ರೊಸೆಕೆಂಡ್ ತಪ್ಪಿದರೂ 300 ಮೀಟರ್ ವ್ಯತ್ಯಾಸ! ಅದಕ್ಕೇ ಅವುಗಳಲ್ಲಿ ಪರಮಾಣು ಗಡಿಯಾರ. ಜಾಗ ಹಿಡಿಯಲು ಮೂರು ಉಪಗ್ರಹ ಸಾಕು, ಆದರೆ ಫೋನಿನ ಸಾಧಾರಣ ಗಡಿಯಾರದ ತಪ್ಪು ತಿದ್ದಲು ನಾಲ್ಕನೆಯದು ಬೇಕು. ಅಷ್ಟು ಎತ್ತರದಲ್ಲಿ ಗಡಿಯಾರ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಐನ್‌ಸ್ಟೈನರ ಸಿದ್ಧಾಂತ ಹಿಡಿದು ಅದನ್ನೂ ಸರಿಪಡಿಸುತ್ತಾರೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಜಾಗ ಹೇಳುವ ನಮ್ಮ ಭಾರತದ್ದೇ ಉಪಗ್ರಹ ವ್ಯವಸ್ಥೆ ನಾವಿಕ್ ಕೂಡ ಇದೇ ತತ್ತ್ವದ್ದು. ಮೊದಲ ಉಪಗ್ರಹ ಹಾರಿದ್ದು 2013ರಲ್ಲಿ. ಅದರ ನಿಯಂತ್ರಣ ನಮ್ಮ ಪಕ್ಕದ ಹಾಸನದಿಂದ.

ನಿಮ್ಮ ಪತ್ರ ಬಂದ ಮೇಲೆ ಗಾಳಿಬೀಡು ದಾರಿಯಲ್ಲಿ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ನಡೆದೆ. ಚುಕ್ಕಿ ಜೊತೆಗೇ ಬಂತು, ಅದರ ಕೆಳಗೆ ಮಾತ್ರ ನಕ್ಷೆಯಿಲ್ಲ, ಬರೀ ಬೂದು ಚೌಕ. ನೆಟ್‌ವರ್ಕ್ ಬೇಕಿರುವುದು ನಕ್ಷೆ ತರಿಸಿಕೊಳ್ಳಲು. ತೋಟದಂಚಿನ ದಟ್ಟ ನೆರಳಿಗೆ ಹೋದಾಗ ನಾನು ನಿಂತಲ್ಲೇ ಇದ್ದೆ, ಚುಕ್ಕಿ ತೋಡು ದಾಟಿ ಆಚೆ ನೆಗೆಯಿತು. ಒದ್ದೆ ಎಲೆ ಸಂಕೇತವನ್ನು ಕುಗ್ಗಿಸುತ್ತದೆ, ಬೆಟ್ಟ ಅರ್ಧ ಆಕಾಶವನ್ನೇ ಮರೆಮಾಡುತ್ತದೆ.

ಇನ್ನು ನಿಮ್ಮ ದಾರಿಯ ವಿಷಯ. ಜಾಗ ಹೇಳುವುದು ಉಪಗ್ರಹ, ದಾರಿ ಹೇಳುವುದು ನಕ್ಷೆ. ನಿಮ್ಮ ಜೀಪು ಓಡಾಡುವ ಮಣ್ಣುದಾರಿಯೂ ನಕ್ಷೆಯಲ್ಲಿ ಒಂದು ಗೆರೆ, ಹತ್ತಿರದ್ದೆಂದು ಅದನ್ನೇ ತೋರಿಸುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗಲೂ ಉಪಗ್ರಹಗಳು ಜಾಗವನ್ನು ಸರಿಯಾಗಿಯೇ ಹೇಳುತ್ತಿದ್ದವು. ರಸ್ತೆ ಉಳಿದಿದೆಯೋ ಇಲ್ಲವೋ ಎಂಬುದು ಅವುಗಳ ಲೆಕ್ಕದಲ್ಲೇ ಇಲ್ಲ.

ಹಿಂದೆ ಬಂದವರು ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಮನೆತನದ ಹೆಸರು ಹೇಳಿ ದಾರಿ ಕೇಳುತ್ತಿದ್ದರು. "ಈಗ ಆ ಕಡೆ ಹೋಗಬೇಡಿ, ತೋಡಿನಲ್ಲಿ ನೀರು ಏರಿದೆ" ಎಂಬ ಮಾತೂ ಅಲ್ಲೇ ಸಿಗುತ್ತಿತ್ತು. ಆ ಒಂದು ಮಾತು ಈಗ ತಪ್ಪಿಹೋಗಿರುವುದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಸದ್ಯಕ್ಕೆ ಎರಡು ಕೆಲಸ ಮಾಡಿ. ಮುಖ್ಯರಸ್ತೆಯಿಂದ ತಿರುಗುವಲ್ಲೇ "ಖಾಸಗಿ ತೋಟ, ಮುಂದೆ ದಾರಿಯಿಲ್ಲ" ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ದೊಡ್ಡ ಬೋರ್ಡ್ ಹಾಕಿಸಿ; ಗೇಟಿನ ಹತ್ತಿರ ಹಾಕಿದರೆ ಅಷ್ಟರಲ್ಲಿ ಕಾರು ಹೂತಿರುತ್ತದೆ. ಮ್ಯಾಪ್‌ನಲ್ಲೇ ತಪ್ಪು ತಿಳಿಸುವ ಸೌಲಭ್ಯವಿದೆ, ಅದು ಖಾಸಗಿ ದಾರಿ ಎಂದು ಬರೆದು ಕಳಿಸಿ. ತೊಡಕೆನಿಸಿದರೆ ಮಡಿಕೇರಿಗೆ ಬಂದಾಗ ಕಚೇರಿಗೆ ಬನ್ನಿ, ಕೂತು ಮಾಡೋಣ.

– ಸಂಪಾದಕ