ವಿಜ್ಞಾನ ಅಕಾಡೆಮಿ ಸರ್ಕಾರಿ ಕಚೇರಿಯೇ?

ಲಿಂಗಸುಗೂರಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಗೆ ಅರ್ಜಿ ಕೊಡಬಹುದಾ ಅಂತ ಕೇಳಿದ್ದೀರಿ. ಕೊಟ್ಟು ಪ್ರಯೋಜನವಿಲ್ಲ. ಅದು ಇಲಾಖೆಯಲ್ಲ, ಯಾರಿಗೂ ನೋಟಿಸ್ ಕಳಿಸುವ ಅಧಿಕಾರ ಅದಕ್ಕಿಲ್ಲ. ಒಂದು ಲೀಟರ್ ಬಾಟಲಿ ತುಂಬಿಸಿಕೊಂಡು ರಾಯಚೂರಿನ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಹೋಗಿ.

ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಈ ಅಕಾಡೆಮಿ ಒಂದು ನೋಂದಾಯಿತ ಸಂಘ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಅನುದಾನ ಕೊಟ್ಟರೂ ಆಡಳಿತ ಫೆಲೋಗಳದ್ದೇ, ಅಂದರೆ ಆಯ್ಕೆಯಾದ ಸದಸ್ಯ ವಿಜ್ಞಾನಿಗಳದ್ದೇ: ಆಡಳಿತ ಮಂಡಳಿಯನ್ನೂ ಹೊಸ ಫೆಲೋಗಳನ್ನೂ ಅವರೇ ಚುನಾಯಿಸುತ್ತಾರೆ. ನಾವಾಗಿ ಅರ್ಜಿ ಹಾಕಿ ಫೆಲೋ ಆಗಲು ಬರುವುದಿಲ್ಲ, ಒಳಗಿದ್ದವರೇ ಹೆಸರು ಸೂಚಿಸಬೇಕು. (ನನಗಂತೂ ಇದು ಸ್ವಲ್ಪ ಮನೆಯೊಳಗಿನ ವ್ಯವಹಾರ ಅನ್ನಿಸುತ್ತದೆ.)

ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ ಅಂದಿರಲ್ಲ, ಅಕಾಡೆಮಿಯ ‘ರೆಸೊನೆನ್ಸ್’ ಮಾಸಪತ್ರಿಕೆ ಅವರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಓದಿಸಿ.